ಗಾಜು ಬದಲಿಸಬೇಡ

ಸಕಲೇಶಪುರದ ಹಳೇ ಸೇತುವೆಯ ಈಚೆ
ಫೋಟೋಗೆ ಕಟ್ಟು ಹಾಕುವ ಅಂಗಡಿ ನನ್ನದು.
ದೇವರುಗಳು ಬರುತ್ತಾರೆ, ಸತ್ತವರು ಬರುತ್ತಾರೆ;
ಸತ್ತವರ ಕೆಳಗೆ ಎರಡು ತಾರೀಖು,
ದೇವರ ಕೆಳಗೆ ಕೊಟ್ಟವರ ಹೆಸರು.
ಮನೆಯೊಂದು ಬಂದದ್ದು ಇದೇ ಮೊದಲು.

ಸೆರಾಫಿನಾ ಬಾಯಿ ತಂದರು, ಹಳೇ ದುಪ್ಪಟಿಯಲ್ಲಿ ಸುತ್ತಿ.
ನಲವತ್ತು ವರ್ಷ ಹೆರಿಗೆ ಮಾಡಿಸಿದ ಕೈ,
ಎತ್ತಿಕೊಳ್ಳುವುದು ಗೊತ್ತು.
"ಹಿಂದಿನ ಹಲಗೆಗೆ ಹುಳ ಬಿದ್ದಿದೆ ಇಲ್ಯಾಸ್.
ಚಿತ್ರಕ್ಕಿನ್ನೂ ಇಲ್ಲ."

ನೀರುಬಣ್ಣ. ಹದಿನೆಂಟು ಇಂಚು, ಹದಿಮೂರು ಇಂಚು.
ಬೀದಿಯಂಚಿನ ಮನೆ. ಬಿಳೀ ಗೋಡೆಯ ಮೈತುಂಬ
ಕಪ್ಪು ಮರದ ತೊಲೆ, ಅಡ್ಡ, ಉದ್ದ, ಓರೆ,
ಪಕ್ಕೆಲುಬು ಹೊರಗೆ ಹಾಕಿಕೊಂಡು ನಿಂತ ಹಾಗೆ.
ಮೇಲಿನ ಮಹಡಿ ಕೆಳಗಿನದಕ್ಕಿಂತ ಒಂದು ಮೊಳ ಮುಂದೆ ಬಾಗಿ
ಬೀದಿಯ ಮಾತಿಗೆ ಕಿವಿ ಕೊಟ್ಟಿದೆ.
ಬಾಗಿಲ ಮೇಲೆ ಕೆತ್ತಿದ ಇಸವಿ:
ಸಾವಿರದ ಐನೂರ ತೊಂಬತ್ತೊಂದು.
ಪಕ್ಕದಲ್ಲಿ ಮೂಟೆ ಪೇರಿಸಿದ್ದಾರೆ.
"ಕಾಫಿಯಾ ಬಾಯಿ?" ಅಂದೆ.
"ಮರಳು. ಬಾಂಬು ಬಿದ್ದರೆ ಅಂತ."

ಬಿಡಿಸಿದವಳು ದೊರೆಯ ಅಕ್ಕ, ನಲವತ್ತೊಂದರಲ್ಲಿ.
ಮಡಚುವ ಸ್ಟೂಲು ಹಾಕಿಕೊಂಡು ಹಳೇ ಕಟ್ಟಡಗಳ ಮುಂದೆ ಕೂತು
ಬೀಳುವ ಮೊದಲೇ ಕಾಗದಕ್ಕೆ ಇಳಿಸಿಡುತ್ತಿದ್ದರಂತೆ
ಆಗ ಅಲ್ಲಿ ಕೆಲವರು.
ಇವಳು ತಾನು ಹುಟ್ಟಿದ ಮನೆಯನ್ನೇ ಆರಿಸಿಕೊಂಡಳು.
ಹಡಗು ಹತ್ತಿ, ಆಫ್ರಿಕಾ ಸುತ್ತಿ, ಐದು ತಿಂಗಳಿಗೆ
ತಮ್ಮನ ಎಸ್ಟೇಟಿಗೆ ಬಂತು ಮನೆ,
ಅಷ್ಟೊಂದು ನೀರು ದಾಟಿಯೂ ಕದಡದೆ.

ಕಿಟಕಿ ಹದಿನೇಳು. ಹದಿನಾರಕ್ಕೆ ಬಣ್ಣ.
ಎಡಗಡೆಯ ಕೊನೆಯದು ಬರೀ ಕಾಗದ.
ಹೊತ್ತು ಮುಳುಗಿತೋ, ಸೈರನ್ ಕೂಗಿತೋ,
ಅಥವಾ ಅದು ಅವಳದೇ ಕೋಣೆಯೋ.

ಗಾಜು ಬಿಚ್ಚಿ ಬೆಳಕಿಗೆ ಹಿಡಿದೆ.
ಮೂಲೆಯಿಂದ ಮೂಲೆಗೆ ಮಬ್ಬು ಗುರುತು, ಎರಡು ಕಡೆಯಿಂದ.
"ಇದು ಉಜ್ಜಿದರೂ ಹೋಗಲ್ಲ, ಹೊಸದು ಹಾಕ್ತೀನಿ" ಎಂದು
ಕೊಯ್ಯುವ ಉಳಿಗೆ ಕೈ ಹಾಕಿದ್ದೆ.
"ಗಾಜು ಬದಲಿಸಬೇಡ" ಅಂದರು, ಸ್ವಲ್ಪ ಜೋರಾಗಿಯೇ.

ಬಾಯಿಯ ಅಪ್ಪ ಪಾಸ್ಕಲ್ ಆ ಬಂಗಲೆಯ ಬಟ್ಲರ್.
ದಿನಾ ಮೊದಲು ಈ ಮನೆಯ ಧೂಳು ಹೊಡೆದು
ಆಮೇಲೆ ಬಂಗಲೆಯದು.
ಒಂದು ರಾತ್ರಿ ರೇಡಿಯೋ ಆರಿಸಿ ದೊರೆ ಹೇಳಿದನಂತೆ:
ಅಲ್ಲೀಗ ಗಾಜಿಗೆಲ್ಲ ಕಾಗದದ ಪಟ್ಟಿ ಅಂಟಿಸುತ್ತಾರೆ ಪಾಸ್ಕಲ್,
ಓರೆಗೆ, ಹೀಗೆ, ಹೀಗೆ.
ಒಡೆದರೂ ಚೂರು ಹಾರಬಾರದಲ್ಲ.

ಮರುದಿನ ಪಾಸ್ಕಲ್ ಗಂಜಿ ಕಾಯಿಸಿದ.
ಪೇಪರಿನ ಅಂಚು ಕತ್ತರಿಸಿದ.
ಈ ಗಾಜಿಗೆ ಎರಡು ಪಟ್ಟಿ ಹಾಕಿ
ಅಡುಗೆಮನೆಗೆ ಹೋದ.

ದೊರೆ ನೋಡಿದ. ಏನೂ ಅನ್ನಲಿಲ್ಲ.
ಮಧ್ಯಾಹ್ನ ಊಟಕ್ಕೆ ಬರಲಿಲ್ಲ.
ತೆಗೆ ಅಂತಲೂ ಅನ್ನಲಿಲ್ಲ.
ಯುದ್ಧ ಮುಗಿಯುವ ತನಕ ಹಾಗೇ ಇತ್ತು,
ಬಂದ ದೊರೆಸಾನಿಗಳೆಲ್ಲ ನಕ್ಕರೂ.

"ಮನೆ ಉಳಿಯಿತಾ?"
"ಯಾರಿಗೆ ಗೊತ್ತು. ದೊರೆ ಐವತ್ತೆರಡರಲ್ಲಿ ಹೊರಟ.
ಕಾಯ್ದವನು ನೀನು, ನೀನೇ ಇಟ್ಕೋ ಅಂದ.
ಹೋಗಿ ನೋಡಿ ಬರೀತೀನಿ ಅಂದ.
ಟಪಾಲು ಬರಲಿಲ್ಲ."
"ಈಗ ಮೊಬೈಲಲ್ಲೇ ನೋಡಬಹುದು ಬಾಯಿ,
ಊರಿನ ಹೆಸರು ಗೊತ್ತಾ?"
"ಗೊತ್ತು" ಅಂದರು.
ಹೇಳಲಿಲ್ಲ.

ಹೊಸ ಹಲಗೆ ಬಡಿದೆ. ಹೊಸ ಕೊಂಡಿ.
ಗಾಜಿನ ಒಳಮೈ ಮಾತ್ರ ಒರೆಸಿದೆ.
ಕೆಳಗೇನಾದರೂ ಬರೆಯಲಾ ಎಂದೆ, ಅಭ್ಯಾಸಬಲ.
"ಬಾಗಿಲ ಮೇಲಿದೆಯಲ್ಲ ಒಂದು ಇಸವಿ,
ಸಾಕು ಬಿಡು."

ಮುನ್ನೂರ ಎಂಬತ್ತು ಹೇಳಿದ್ದೆ,
ಮುನ್ನೂರ ಐವತ್ತಕ್ಕೆ ಇಳಿಸಿದರು.
ಆಟೋ ಹತ್ತಿ, ಚಿತ್ರ ಮಡಿಲಿಗೆ ಒರಗಿಸಿಕೊಂಡು
ಡ್ರೈವರಿಗೆ ಹೇಳಿದ್ದು ನನಗೂ ಕೇಳಿಸಿತು:
"ಗುಂಡಿ ನೋಡ್ಕೊಂಡು ಹೋಗಪ್ಪ,
ಮನೆ ಇದೆ."